ಗೇಣಿಗೊಂದು ಗಂಟು

ಜೂನ್ ೩, ಸೋಮವಾರ

ಬನ್ನಿ, ಮಹಾಜನಗಳೇ, ಬನ್ನಿ! ಮುಂದಿನ ಸಾಲಿನವರು ಕೂತುಕೊಳ್ಳಿ, ಹಿಂದಿನವರು ಬೀಡಿ ಆರಿಸಿ, ಅಳುವ ಕೂಸುಗಳನ್ನು ಅತ್ತ ಎತ್ತಿಕೊಂಡು ಹೋಗಿ. ಪರದೆ ಏಳುವ ಹೊತ್ತಾಯಿತು!

ಯಾರೂ ಇಲ್ಲವೆಂದು ನನಗೂ ಗೊತ್ತು. ಎದುರಿಗಿರುವುದು ಸುಣ್ಣ ಉದುರಿದ ಗೋಡೆ, ಅದರ ಮೇಲೊಂದು ಹಲ್ಲಿ. ಆದರೆ ಸಭೆಯಿಲ್ಲದೆ ನನಗೆ ಒಂದು ವಾಕ್ಯವೂ ಹುಟ್ಟುವುದಿಲ್ಲ. ಹಾರ್ಮೋನಿಯಂ ಮೇಷ್ಟರ ಮಗ ನಾನು. ನಾಟಕದ ಟ್ರಂಕಿನ ಮೇಲೆ ಮಲಗಿ ಬೆಳೆದವನು. ಹದಿನಾರಕ್ಕೆ ಗದೆ ಹಿಡಿದವನು ಐವತ್ತಮೂರಾದರೂ ಇಳಿಸಿಲ್ಲ. ಬಚ್ಚಪ್ಪ ಕೆಮ್ಮಿದರೆ ಕ್ಯಾಸಂಬಳ್ಳಿಗೆ ಕೇಳುತ್ತದೆ ಎನ್ನುತ್ತಾರೆ. ಆ ಗಂಟಲನ್ನು ಕೇಳಿಯೇ ಜೋಳದ ಯೋಜನೆಯವರು ನನ್ನನ್ನು ನಮ್ಮೂರಿನ ‘ರೈತ ಪ್ರೇರಕ’ ಎಂದು ನೇಮಿಸಿಕೊಂಡದ್ದು.

ಕೆಲಸ ಇಷ್ಟೇ. ನಮ್ಮ ಜನ ಮುಸುಕಿನ ಜೋಳವನ್ನು ತಲೆಗೂದಲಿನ ಹಾಗೆ ಒತ್ತಾಗಿ ಬಿತ್ತುತ್ತಾರೆ. ಯೋಜನೆಯ ಪ್ರಕಾರ ಹೊಸ ತಳಿಯ ಬೀಜವನ್ನು ಎರಡಡಿಗೊಂದು ಸಾಲು ಹಿಡಿದು, ಗೇಣಿಗೊಂದು ಕಾಳಿನಂತೆ ಊರಬೇಕು. ತೆನೆ ತೋಳಿನ ಗಾತ್ರ ಬರುತ್ತದೆ. ಹತ್ತು ಮನೆಯವರನ್ನು ಒಪ್ಪಿಸಬೇಕು. ಒಬ್ಬರ ಹೊಲವನ್ನು ಎಲ್ಲರೂ ಬಂದು ನೋಡುವ ಮಾದರಿ ತಾಕು ಮಾಡಬೇಕು. ಯೋಜನೆಯ ಅಧಿಕಾರಿ ಸೆಲ್ವಿ. ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನ ಹುಡುಗಿ, ಸ್ಕೂಟರಿನಲ್ಲಿ ಬರುತ್ತಾಳೆ. ಆಫೀಸಿಗೆ ತೋರಿಸಲು ಒಂದು ಅಚ್ಚು ಹಾಕಿದ ಡೈರಿ ಕೊಟ್ಟಿದ್ದಾಳೆ. ಅದರಲ್ಲಿ ‘ಸಭೆ ನಡೆಯಿತು, ಹಾಜರಿ ನಲವತ್ತು’ ಎಂದು ಬರೆದೆ. ಉಳಿದದ್ದಕ್ಕೆ ಈ ನೋಟ್‌ಬುಕ್ಕು.

ಉಳಿದದ್ದು ಏನು ಕೇಳುತ್ತೀರಾ? ಅರಳಿಕಟ್ಟೆಯ ಮೇಲೆ ನಿಂತು ಒಂದು ಗಂಟೆ ಗುಡುಗಿದೆ. ಒಂದೊಂದು ಕಾಳನ್ನೂ ಒಬ್ಬೊಬ್ಬ ಸೇನಾಪತಿಗೆ ಹೋಲಿಸಿದೆ. ಸೇನಾಪತಿಗಳು ಒಬ್ಬರ ಮೇಲೊಬ್ಬರು ಬಿದ್ದರೆ ಯುದ್ಧ ಹೇಗೆ ಗೆಲ್ಲುತ್ತೀರಿ ಎಂದು ಕೈ ಎತ್ತಿ ಕೇಳಿದೆ. ಶಿಳ್ಳೆ! ಚಪ್ಪಾಳೆ! ಹಾಲಿನ ಕ್ಯಾನ್ ಸಾಗಿಸುವ ಮುನಿರಾಜು ಎದ್ದು ನಿಂತು, “ಮಾವ, ಆ ಕೊನೇದು ಇನ್ನೊಂದ್ ಸಲ ಏಳು. ಕೈ ಎತ್ತಿದ್ಯಲ್ಲ, ಅದು!” ಎಂದ. ನಾನೂ ಮೂಢ, ಹೇಳಿದೆ. ಆಮೇಲೆ ಹೆಸರು ಬರೆಸಿ ಎಂದು ಪುಸ್ತಕ ಬಿಚ್ಚಿ ತಲೆ ಎತ್ತುವಷ್ಟರಲ್ಲಿ ಕಟ್ಟೆಯ ಮೇಲೆ ನಾನು, ಅರಳಿಮರ, ಒಂದು ನಾಯಿ.

“ಊಟಕ್ ಬಾ. ಗೋಡೇನ ಆಮೇಲೆ ಬೈಯೂವಂತೆ,” ಎಂದು ಹೆಂಡತಿ ಮಂಗಮ್ಮ ಕರೆಯುತ್ತಿದ್ದಾಳೆ.

ಜೂನ್ ೬, ಗುರುವಾರ

ಹನ್ನೊಂದು ಮನೆ ಹತ್ತಿ ಇಳಿದೆ. ಹನ್ನೊಂದು ಗಂಡಸರು, ಒಂದೇ ಮಾತು: “ಮನೇಲಿ ಕೇಳಿ ಏಳ್ತೀನಿ.” ತಪ್ಪಿಸಿಕೊಳ್ಳಲು ಬೇರೆ ನೆಪವಾದರೂ ಕಲಿಯಬಾರದೆ? ಮೀಸೆ ಮಾತ್ರ ಒಬ್ಬೊಬ್ಬರದು ಒಂದೊಂದು ಗೇಣು.

ಜೂನ್ ೧೧, ಮಂಗಳವಾರ

ಸಿಕ್ಕಿದ! ಮಹಾಜನಗಳೇ, ಮೊದಲ ರೈತ ಬಲೆಗೆ ಬಿದ್ದ!

ಶ್ರೀರಾಮಪ್ಪ. ಒಂದು ವರಸೆಯಲ್ಲಿ ನನಗೆ ಬಾವ. ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಾನೆ. ಮನೆಗೆ ಹೋದರೆ ಸಿಗುವುದಿಲ್ಲವೆಂದು ಬಂಗಾರಪೇಟೆ ಸ್ಟೇಷನ್ನಿಗೇ ಹೋಗಿ ಎರಡನೇ ಪ್ಲಾಟ್‌ಫಾರಂನಲ್ಲಿ ಹಿಡಿದೆ.

“ಬಾವ, ಕಾಲು ಸೇದ್ತಾ ಅವೆ. ಬೆಳಿಗ್ಗೆಯಿಂದ ಗೇಟ್ ಮುಂದೆ ನಿಂತಿದ್ದೀನಿ. ಮನೆಗ್ ಓಗಾನ.”

ಬಿಡುತ್ತೇನೆಯೇ? ಅವನದು ಕೆರೆಯ ಕೆಳಗೆ ಅರ್ಧ ಎಕರೆ, ಬೋರಿನ ನೀರು ಹರಿಯುವ ಜಾಗ. ಅವನ ಎರಡು ಹಸುಗಳ ಮೇವೂ ಅಲ್ಲಿಂದಲೇ. ಮಿಕ್ಕಿದ್ದೆಲ್ಲ ಮಳೆ ನಂಬಿಕೊಂಡು ರಾಗಿ ಚೆಲ್ಲುವ ಹೊಲ. ಕೆರೆ ಏರಿಯ ಮೇಲೆ ಹೋಗುವವರಿಗೆಲ್ಲ ಆ ಅರ್ಧ ಎಕರೆ ಕಾಣುತ್ತದೆ. ಮಾದರಿ ತಾಕಿಗೆ ಅದಕ್ಕಿಂತ ಒಳ್ಳೆಯ ರಂಗಸ್ಥಳ ಉಂಟೆ?

“ನಮ್ಮನೇವಳ್ನ ಒಂದ್ ಮಾತು ಕೇಳಿ…”

“ನೀನೂ ಅದೇನಾ! ಪಹಣಿ ಯಾರ ಹೆಸರಲ್ಲಿ ಅದೆ?”

“ನಂದೇ.”

“ಸೈನ್ ಆಕೋ ಕೈ ಯಾರ್ದು?”

“ನಂದೇ. ಆದ್ರೆ…”

“ಆದ್ರೆಗೀದ್ರೆ ಬಿಡು!” ಎಂದು ಎದೆ ತಟ್ಟಿಕೊಂಡೆ. ರೈಲಿಳಿದವರೆಲ್ಲ ಆಗಲೇ ಸುತ್ತ ನಿಂತಿದ್ದರು. “ನಿನ್ನ ಹಸುಗಳಿಗೆ ಒಂದೇ ಒಂದು ದಿನ ಮೇವು ತಪ್ಪಿದರೆ ಈ ಬಚ್ಚಪ್ಪ ಇನ್ನು ಈ ಜನ್ಮದಲ್ಲಿ ಮುಖಕ್ಕೆ ಬಣ್ಣ ಹಚ್ಚುವುದಿಲ್ಲ! ಇದು ಈ ಸಭೆಯ ಮುಂದೆ ನನ್ನ ಶಪಥ!”

ಸೈನ್ ಹಾಕಿದ. ಬೀಜದ ಚೀಲ ಕೊಟ್ಟೆ, ಹಗ್ಗ ಕೊಟ್ಟೆ. ಆ ಹಗ್ಗ ನಾನೇ ಮಾಡಿದ್ದು, ಗೇಣಿಗೊಂದು ಗಂಟು, ಗಂಟಿಗೊಂದು ಕೆಂಪು ಬಟ್ಟೆ ಚೂರು. ಅದನ್ನು ಪ್ಲಾಟ್‌ಫಾರಂ ಮೇಲೆ ಉದ್ದಕ್ಕೆ ಎಳೆದು, ಒಂದೊಂದು ಗಂಟಿನ ಹತ್ತಿರ ಒಂದೊಂದು ಕಡಲೆಕಾಯಿ ಬೀಜ ಇಟ್ಟು ಬಿತ್ತನೆಯ ಕ್ರಮವನ್ನು ಅಭಿನಯಿಸಿ ತೋರಿಸಿದೆ. ಹೂವು ಮಾರುವಾಕೆ ಕಾಲಿಗೆ ಸಿಕ್ಕಿಸಿಕೊಂಡು ಬಿದ್ದಳು. ಅದು ಬಿಟ್ಟರೆ ಅದ್ಭುತ. ಶ್ರೀರಾಮಪ್ಪ ಕಲ್ಲುಬೆಂಚಿಗೆ ಒರಗಿ, ಕಣ್ಣು ಮುಚ್ಚಿ ಪ್ರತಿಯೊಂದಕ್ಕೂ “ಊಂ” ಎಂದ. ಮನಸ್ಸಿಟ್ಟು ಕೇಳಿದ.

ಜೂನ್ ೧೯, ಬುಧವಾರ

ಕೇಳಿದಿರಾ ಈ ಅನ್ಯಾಯವನ್ನು!

ಬಿತ್ತನೆ ವಿಚಾರಿಸಲು ಶ್ರೀರಾಮಪ್ಪನ ಕೊಟ್ಟಿಗೆಗೆ ಹೋದೆ. ಕರು ನಿಂತಿತ್ತು. ಕರುವಿನ ಕೊರಳಲ್ಲಿ ನನ್ನ ಹಗ್ಗ! ಗೇಣು ಗೇಣಿಗೆ ಕೆಂಪು ಬಟ್ಟೆ ಹೊತ್ತು, ಸಂಕ್ರಾಂತಿಗೆ ಸಿಂಗಾರ ಮಾಡಿದ ಹಾಗೆ ನಿಂತು, ಒಂದು ಗಂಟನ್ನು ಚೀಪುತ್ತಿತ್ತು.

“ಅಗ್ಗ ಗಟ್ಟಿಯಾಗದೆ ಕಣಣ್ಣ. ಎಲ್ ತಂದೆ?” ಎಂದಳು ಶ್ರೀರಾಮಪ್ಪನ ಹೆಂಡತಿ ಮುನಿರತ್ನಮ್ಮ. ಸಗಣಿ ಬಾಚುತ್ತಿದ್ದಳು, ತಲೆ ಎತ್ತಲಿಲ್ಲ.

“ಬಿತ್ತನೆ?”

“ಸೋಮಾರನೇ ಆಯ್ತು. ಮುನಿರಾಜು ನೇಗ್ಲು ಓಡಿಸ್ದ, ನಾನು ಇಂದಿಂದೆ ಕಾಳು ಬಿಟ್ಕೊಂಡು ಓದೆ.”

“ಗೇಣಿಗೊಂದು ಬಿಟ್ಟೆಯಾ?”

ಈಗ ತಲೆ ಎತ್ತಿದಳು. “ಗೇಣಿಗೊಂದಾ? ಯಾಕೆ, ಕಾಳಿಗೆ ಮೈಲಿಗೆನಾ?”

“ಶ್ರೀರಾಮಪ್ಪ ಏನೂ ಹೇಳಲಿಲ್ಲವೇ?”

“ಏಳಿದ್ರು. ‘ಬಚ್ಚಣ್ಣ ಕೊಟ್ಟ, ಒಳ್ಳೆ ಬೀಜ’ ಅಂದ್ರು. ಉಂಡು ಮಲೀಕೊಂಡ್ರು.”

ಪ್ಲಾಟ್‌ಫಾರಂನಲ್ಲಿ ಒಂದು ಗಂಟೆ ಅಭಿನಯಿಸಿದ್ದು! ಅದೆಲ್ಲ ಆ ಮಹಾರಾಯನ ಬಾಯಲ್ಲಿ ನಾಲ್ಕು ಪದವಾಗಿ ಮನೆಗೆ ಬಂದಿದೆ.

ಜೂನ್ ೨೭, ಗುರುವಾರ

ಮೊಳಕೆ ಬಂದಿದೆ. ಕಂಬಳಿ ಹಾಸಿದಂತೆ ಬಂದಿದೆ. ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಆರು ಸಾಲಿಗೊಂದರಂತೆ ಅವರೆ, ನಡುವೆ ಅಲಸಂದೆ! ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುವ ಹಾಗೆ ಮುನಿರತ್ನಮ್ಮ ನನ್ನ ಮಾದರಿ ತಾಕಿಗೂ ಹಾಕಿಬಿಟ್ಟಿದ್ದಾಳೆ. ಸೆಲ್ವಿ ಸ್ಕೂಟರ್ ನಿಲ್ಲಿಸಿ ನೋಡಿದವಳು, “ಎನ್ನಣ್ಣಾ ಇದು?” ಎಂದು ತಮಿಳಿನಲ್ಲೇ ಕೇಳಿದಳು. ನಾನು ಕೆರೆಯ ಕೊಕ್ಕರೆಗಳು ಏಳುವ ಹಾಗೆ ಗರ್ಜಿಸಿದೆ. “ಯಾರನ್ನು ಕೇಳಿ ಅಕ್ಕಡಿ ಹಾಕಿದೆ!”

“ಅಕ್ಕಡಿ ಇಲ್ದಂಗೆ ಬಿತ್ತಿದ್ರೆ ಸತ್ತಿರೋ ನಮ್ಮತ್ತೆ ಎದ್ ಬತ್ತಾಳೆ,” ಎಂದು ಮುನಿರತ್ನಮ್ಮ ಕುಡುಗೋಲು ಹಿಡಿದು ನಿಂತಳು. “ಒಲ ಏನು ನಾಟಕದ ಸೀನಾ, ನಡುವೆ ಖಾಲಿ ಬಿಡಕ್ಕೆ?”

ಸೆಲ್ವಿ ನನ್ನ ತೋಳು ಹಿಡಿದು ಹಿಂದೆ ಸರಿಸಿದಳು. “ಅಕ್ಕಾ, ಜೋಳ ಇಷ್ಟು ಒತ್ತಾಗಿ ಯಾಕೆ ಹಾಕ್ತೀರ?” ಅಷ್ಟೇ ಕೇಳಿದ್ದು. ನನಗೆ ಒಂದು ತಿಂಗಳಲ್ಲಿ ಯಾರನ್ನೂ ಕೇಳಬೇಕೆನ್ನಿಸದ ಪ್ರಶ್ನೆ, ಕೇಳುವಂಥದ್ದೇನಿದೆ ಅದರಲ್ಲಿ?

“ಇಪ್ಪತ್ ದಿನ ಆಗ್ತಿದ್ದಂಗೆ ದಿನಾ ಒಂದೊಂದು ಒರೆ ಕೀಳ್ತೀನಿ ಅಸುಗೆ. ಕಿತ್ತೂ ಕಿತ್ತೂ ಉಳಿದಿದ್ದು ತೆನೆ ಬಿಡ್ತದೆ. ಅಣ್ಣನ ಅಗ್ಗದ ಪ್ರಕಾರ ಊರಿದ್ರೆ ತೆನೆ ಬರಗಂಟ ಅಸು ನನ್ ಮುಖ ನೋಡ್ಕಂಡು ನಿಲ್ಬೇಕಾ? ಗೌರಿ ಬೇರೆ ಗಬ್ಬದಾಗವ್ಳೆ. ಶ್ರಾವಣಕ್ಕೆ ಕರು ಆಕ್ತಾಳೆ. ಈಗ ಮೇವು ತಪ್ಪಿದ್ರೆ ಕರೂನೂ ಇಲ್ಲ, ಆಲೂ ಇಲ್ಲ. ಆ ಅಸು ಓದ್ರೆ ನನ್ ಸಂಸಾರ ಓಯ್ತು.”

ಸೆಲ್ವಿ ಅದನ್ನೆಲ್ಲ ಬರೆದುಕೊಂಡಳು! ನನ್ನ ಭಾಷಣವನ್ನು ಒಂದು ದಿನವೂ ಬರೆದುಕೊಂಡವಳಲ್ಲ.

ಕೊನೆಗೆ ಮುನಿರತ್ನಮ್ಮನೇ ತೀರ್ಪು ಕೊಟ್ಟಳು. ಅರ್ಧ ತಾಕು ನನ್ನ ಹಗ್ಗಕ್ಕೆ, ಅರ್ಧ ಅವಳ ಹಸುವಿಗೆ. ನನ್ನ ಅರ್ಧದಲ್ಲಿ ಹಗ್ಗ ಹಿಡಿದು ಗಂಟಿನ ಹತ್ತಿರದ ಗಿಡ ಉಳಿಸಿ ಮಿಕ್ಕದ್ದನ್ನು ಕಿತ್ತು ಹಸುವಿಗೆ ಹಾಕುತ್ತಾಳೆ. ಆಮೇಲೆ ಅತ್ತ ಕೈ ಹಾಕುವುದಿಲ್ಲ. ಅಳೆಯಲು ಕರುವಿನ ಕೊರಳಿಂದ ಹಗ್ಗ ಬಿಚ್ಚಬೇಕಾಯಿತು. ಬಿಚ್ಚಿದ ಕರು ನೆಟ್ಟಗೆ ಮಾದರಿ ತಾಕಿಗೆ ನುಗ್ಗಿ ಎರಡು ಸಾಲು ಮೇಯ್ದಿತು.

ಹತ್ತು ಮನೆಯಲ್ಲಿ ಸಿಕ್ಕಿದ್ದು ಒಂದು. ಅದೂ ಅರ್ಧ.

ಜುಲೈ ೪, ಗುರುವಾರ

ಏನೂ ಇಲ್ಲ. ಮಳೆಯೂ ಇಲ್ಲ, ಹೆಸರೂ ಇಲ್ಲ. ಕೋದಂಡಪ್ಪನಿಗೆ ಎರಡನೇ ಬಾರಿ ಹೇಳಿದೆ. “ಮನೇಲಿ ಕೇಳ್ದೆ, ಬ್ಯಾಡ ಅಂದ್ರು,” ಎಂದ.

ಜುಲೈ ೧೭, ಬುಧವಾರ

ಶತ್ರು ಬಂದ, ಮಹಾಜನಗಳೇ! ಹೆಸರೇ ಸೈನಿಕ ಹುಳು. ಜೋಳದ ಸುಳಿಯೊಳಗೆ ಅವಿತು ಎಲೆಯನ್ನು ಜರಡಿ ಮಾಡುತ್ತದೆ. ನನ್ನ ಅರ್ಧದಲ್ಲಿ ಗಿಡ ವಿರಳ, ಎಷ್ಟು ತಿಂದಿದೆ ಎಂಬುದು ಏರಿಯ ಮೇಲಿಂದಲೇ ಕಾಣುತ್ತದೆ. ಮುಂದಿನ ವಾರ ಆಫೀಸಿನವರು ನೋಡಲು ಬರುತ್ತಾರೆ.

ಮಧ್ಯಾಹ್ನ ಬಂಗಾರಪೇಟೆಗೆ ಹೋಗಿ ಔಷಧಿ ತಂದೆ. ಸೆಲ್ವಿ ಎರಡೆರಡು ಬಾರಿ ಹೇಳಿದಳು: “ಹೊಡೆದ ಮೇಲೆ ಹದಿನೈದು ದಿನ ಆ ಗಿಡ ಹಸು ಬಾಯಿಗೆ ಹೋಗಬಾರದು ಅಣ್ಣಾ. ಮನೆಯವರಿಗೆ ಹೇಳಿ, ಮರೀಬೇಡಿ.” ಮರೆಯುವುದೇ? ಸ್ಟೇಷನ್ನಿನಲ್ಲೇ ಕಾದು ಶ್ರೀರಾಮಪ್ಪನಿಗೆ ಹೇಳಿದೆ. “ಇವತ್ತೇ ನನ್ನ ಭಾಗಕ್ಕೆ ಔಷಧಿ ಹೊಡೀತೀನಿ. ಅತ್ತ ಯಾರೂ ಕುಡುಗೋಲು ಆಕಬಾರದು.” “ಊಂ” ಎಂದ.

ಊರಿಗೆ ಬಂದವನೇ, ಹೊತ್ತು ಮುಳುಗುವಾಗ ಬೆನ್ನಿಗೆ ಪಂಪು ಹೊತ್ತು ಹೊಲಕ್ಕಿಳಿದೆ. ಮುನಿರತ್ನಮ್ಮ ಡೇರಿಗೆ ಹಾಲು ಹಾಕಲು ಹೋಗಿದ್ದಳು. ಸುಳಿ ಸುಳಿಗೂ ಹೊಡೆದೆ. ಗದೆಯ ಯುದ್ಧದಲ್ಲೂ ಇಷ್ಟು ಬೆವರಿರಲಿಲ್ಲ.

ಜುಲೈ ೧೮, ಗುರುವಾರ

ಇವತ್ತು ಬರೆಯಲಾರೆ.

ಜುಲೈ ೧೯, ಶುಕ್ರವಾರ

ಬರೆಯದಿದ್ದರೆ ತಲೆ ಸಿಡಿಯುತ್ತದೆ.

ನಿನ್ನೆ ಬೆಳಿಗ್ಗೆ ಏಳು ಗಂಟೆ ಇರಬಹುದು. ಏರಿಯ ಮೇಲೆ ಬರುತ್ತಿದ್ದೆ. ಕೆಳಗೆ ಮುನಿರತ್ನಮ್ಮ ತಲೆಯ ಮೇಲೆ ಹಸಿ ಜೋಳದ ಹೊರೆ ಹೊತ್ತು ಹೊಲದಂಚಿನ ಕೊಟ್ಟಿಗೆ ಕಡೆ ನಡೆಯುತ್ತಿದ್ದಳು. ಬಂದದ್ದು ಅವಳ ಅರ್ಧದಿಂದಲ್ಲ, ನನ್ನ ಅರ್ಧದಿಂದ.

“ಮುನಿರತ್ನಮ್ಮಾ! ನಿಲ್ಲು! ಹಾಕಬೇಡ!” ಎಂದು ಕೂಗಿದೆ. ನನ್ನ ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ ಕೂಗಿರಲಿಲ್ಲ. ಆಚೆ ಗುಡ್ಡಕ್ಕೆ ಬಡಿದು ತಿರುಗಿ ಬಂತು. ಕೆರೆಯಲ್ಲಿ ಬಟ್ಟೆ ಒಗೆಯುವವರು ಇತ್ತ ನೋಡಿದರು. ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುತ್ತಿದ್ದ ಮುನಿರಾಜು ಬೈಕ್ ನಿಲ್ಲಿಸಿ, “ಏನ್ ಮಾವ, ಬೆಳಿಗ್ಗೇನೇ ತಾಲೀಮಾ?” ಎಂದು ಚಪ್ಪಾಳೆ ತಟ್ಟಿದ.

ಅವಳಿಗೂ ಕೇಳಿಸಿತು. ನನ್ನ ಆರ್ಭಟಕ್ಕೆ ಯಾವಾಗಲೂ ಮಾಡುವ ಹಾಗೆ, ತಿರುಗದೆ, ಒಂದು ಕೈ ಎತ್ತಿ ಅಲ್ಲಾಡಿಸಿದಳು. ಕೊಟ್ಟಿಗೆಯೊಳಕ್ಕೆ ಹೋದಳು.

ಇನ್ನೊಂದು ಬಾರಿ ಕೂಗಿದೆ. ಗಂಟಲಲ್ಲಿ ಏನೋ ಹರಿದ ಹಾಗಾಯಿತು. ದನಿ ಬರಲಿಲ್ಲ. ಓಡಿದೆ. ಏರಿ ಇಳಿದು, ಕಾಲುವೆ ಹಾರಿ, ಚಪ್ಪಲಿ ಎಲ್ಲಿ ಬಿತ್ತೋ. ಕೊಟ್ಟಿಗೆಗೆ ನುಗ್ಗುವಾಗ ಗೌರಿ ಗೋದಲಿಗೆ ಮುಖವಿಟ್ಟಿತ್ತು. ಮಾತಾಡಲು ಬಾಯಿ ತೆರೆದರೆ ಬರೀ ಗಾಳಿ. ಅದರ ಬಾಯಿಂದ ಎಲೆ ಕಿತ್ತೆ, ಹೊರೆಯನ್ನು ಬಾಚಿ ಹೊರಕ್ಕೆಸೆದೆ, ಬೆನ್ನಿಗೆ ಪಂಪು ಹೊತ್ತವನ ಹಾಗೆ ಕೈ ಆಡಿಸಿ ತೋರಿಸಿದೆ. ಆಗ ಅವಳೂ ಗೌರಿಯ ಬಾಯಿಗೆ ಕೈ ಹಾಕಿದಳು.

“ಔಸ್ದಿ ಒಡೆದಿದ್ಯಾ? ಯಾವಾಗ?”

ಹುಳ ತಿಂದ ಗಿಡಗಳನ್ನು ಆರಿಸಿ ಕಿತ್ತಿದ್ದಳು. ಹುಳವೂ ಹೋಯಿತು, ಹಸುವಿಗೂ ಆಯಿತು ಎಂದು. ನನ್ನ ತಾಕು ಚೆನ್ನಾಗಿರಲಿ ಎಂದೇ ಕಿತ್ತದ್ದು.

ಹತ್ತು ಗಂಟೆಗೆ ಗೌರಿ ಜೊಲ್ಲು ಸುರಿಸಲು ಶುರುಮಾಡಿತು. ಮೆಲುಕು ನಿಂತಿತು. ಮುನಿರಾಜು ಪಶು ಡಾಕ್ಟರನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ. ಅವರು ಇದ್ದಿಲ ಪುಡಿ ಕಲಸಿ ಕುಡಿಸಿದರು, ಎರಡು ಇಂಜೆಕ್ಷನ್ ಕೊಟ್ಟರು, ಹೊಟ್ಟೆಗೆ ಕಿವಿಯಿಟ್ಟರು. “ಸ್ವಲ್ಪ ತಿಂದಿದೆ. ಹಸು ಉಳೀಬಹುದು. ಕರು ವಿಷಯ ಈಗ ಹೇಳಕ್ಕಾಗಲ್ಲ,” ಎಂದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಬೈಯಲಿ, ಪೊರಕೆ ತೆಗೆದುಕೊಳ್ಳಲಿ ಎಂದು ಕಾದೆ. ಮುನಿರತ್ನಮ್ಮ ಗೌರಿಯ ಕುತ್ತಿಗೆ ನೀವುತ್ತಾ ಇದ್ದಳು.

“ಬಾವನಿಗೆ ಹೇಳಿದ್ದೆ,” ಎಂದೆ. ಪಿಸುದನಿಯಷ್ಟೇ ಬಂತು.

“ಅವರು ರೈಲಲ್ಲಿ ನಿದ್ದೆ ಮಾಡ್ತಾರೆ, ಮನೇಲಿ ನಿದ್ದೆ ಮಾಡ್ತಾರೆ. ಒಲದಲ್ಲಿರೋಳು ನಾನು.” ಆಮೇಲೆ ಗೌರಿಯ ಬಾಯಿಯ ಜೊಲ್ಲು ಒರೆಸುತ್ತಾ, “ನಂಗೆ ಒಂದ್ ಮಾತು ಏಳಿದ್ರೆ ಆಗ್ತಿತ್ತಲ್ಲಣ್ಣ,” ಎಂದಳು.

ಜುಲೈ ೨೨, ಸೋಮವಾರ

ಗೌರಿ ಎದ್ದಿದೆ. ಒಂದು ಹಿಡಿ ಹುಲ್ಲು ತಿಂದಿತು. ಹೊಟ್ಟೆಯಲ್ಲಿ ಕರು ಮಿಸುಕುತ್ತದೋ ಇಲ್ಲವೋ ತಿಳಿಯದು.

ನನ್ನ ಗಂಟಲು ಪೂರ್ತಿ ಹೋಗಿದೆ. ಎರಡು ವಾರ ಮಾತಾಡಬೇಡ ಎಂದಿದ್ದಾರೆ. ಮಂಗಮ್ಮ ಊರೆಲ್ಲ ಬೆಲ್ಲ ಹಂಚುವುದೊಂದು ಬಾಕಿ.

ಔಷಧಿ ಹೊಡೆಯುವಾಗ ಗಾಳಿ ಯಾವ ಕಡೆ ಬೀಸಿತ್ತೋ ಯಾರು ನೋಡಿದ್ದರು? ಹಾಗಾಗಿ ಹದಿನೈದು ದಿನ ಇಡೀ ತಾಕಿನ ಮೇವು ಮುಟ್ಟುವಂತಿಲ್ಲ. ಎರಡು ಹಸುವಿಗೆ ಹುಲ್ಲು ಎಲ್ಲಿಂದ? ಶಪಥ ಮಾಡಿದ ಬಾಯಿ ಮುಚ್ಚಿದೆ, ಕೈ ಇದೆಯಲ್ಲ. ದಿನಾ ಬೆಳಿಗ್ಗೆ ಕುಡುಗೋಲು ಹಿಡಿದು ಕೆರೆ ಏರಿಗೆ ಹೋಗುತ್ತಿದ್ದೇನೆ. ಸೊಂಟ ಮುರಿದಿದೆ. ಅಲ್ಲಿ ಹುಲ್ಲು ಕೊಯ್ಯುವವರೆಲ್ಲ ಹೆಂಗಸರು. ರಾಜನ ಪಾತ್ರ ಮಾಡುವವನ ತಲೆಯ ಮೇಲೆ ಹುಲ್ಲಿನ ಹೊರೆ ನೋಡಿ ಬಿದ್ದು ಬಿದ್ದು ನಗುತ್ತಾರೆ.

“ಲೇ ಬಚ್ಚ, ಕಿರೀಟ ಸೊಟ್ಟಗಾಯ್ತು ಕಣ್ಲಾ!” ಇದು ಅಮ್ಮಾಜಮ್ಮ. ಎಪ್ಪತ್ತು ದಾಟಿದ ಮುದುಕಿ, ಕೋದಂಡಪ್ಪನ ತಾಯಿ. ಉತ್ತರ ಕೊಡೋಣವೆಂದರೆ ದನಿಯಿಲ್ಲ. ಈ ಹಿಂಸೆ ಯಾರಿಗೂ ಬೇಡ.

ಜುಲೈ ೨೭, ಶನಿವಾರ

ಎಷ್ಟು ಮಾತಾಡುತ್ತಾರಪ್ಪ ಈ ಏರಿಯ ಹೆಂಗಸರು! ಬಾಯಿ ತೆರೆಯಲಾಗದ ನನ್ನ ಮುಂದೆ, ನಾನೊಂದು ಕಲ್ಲು ಎಂಬಂತೆ. ಯಾರ ಹಸು ಎಷ್ಟು ಹಾಲು, ಯಾರ ಬೋರು ಬತ್ತಿತು, ಯಾರ ಮನೆಯಲ್ಲಿ ಬಿತ್ತಲು ಆಳಿಲ್ಲ. ಕೋದಂಡಪ್ಪನ ಮನೆಯಲ್ಲಿ ಬೇಡ ಅಂದದ್ದು ಯಾಕೆಂದರೆ ಹಗ್ಗ ಹಿಡಿಯಲು ಎರಡು ತುದಿಗೆ ಇಬ್ಬರು ಬೇಕು, ಅಮ್ಮಾಜಮ್ಮ ಒಬ್ಬಳೇ ಬಿತ್ತುವುದು. ಇಲ್ಲೇ ಹುಲ್ಲು ಕೊಯ್ಯುವ ಸುಕನ್ಯಳ ಮನೆಯಲ್ಲಿ ಬೇಡ ಅಂದದ್ದು ಹೊಲ ಗುತ್ತಿಗೆಯದು, ಮುಂದಿನ ವರ್ಷ ಯಾರದೋ ಎಂದು. ಇದನ್ನೆಲ್ಲ ಅರಳಿಕಟ್ಟೆಯಲ್ಲೇ ಹೇಳಿದ್ದರೆ ನನ್ನ ಒಂದು ತಿಂಗಳು ಉಳಿಯುತ್ತಿತ್ತಲ್ಲ!

ಸುಳಿಯೊಳಗೆ ಹುಳು ಬಿದ್ದರೆ ಇವರು ಒಂದು ಚಿಟಿಕೆ ಮರಳು ಹಾಕುತ್ತಾರಂತೆ. ಹುಳು ಉಜ್ಜಿಕೊಂಡು ಸಾಯುತ್ತದಂತೆ. ನಾನು ಬೆರಳಲ್ಲೇ ಕೇಳಿದೆ, “ಎಷ್ಟು?” ಅಮ್ಮಾಜಮ್ಮ ನನ್ನ ಅಂಗೈಯಲ್ಲಿ ಮರಳು ಇಟ್ಟು ತೋರಿಸಿದಳು. ಸೆಲ್ವಿಗೆ ಫೋನಿನಲ್ಲಿ ಬರೆದು ಕಳಿಸಿದೆ. “ಒಂಬತ್ತು ಪಾಲು ಮರಳು, ಒಂದು ಪಾಲು ಸುಣ್ಣ. ನಮ್ಮ ಪುಸ್ತಕದಲ್ಲೂ ಇದೆ ಅಣ್ಣಾ, ಹದಿನಾಲ್ಕನೇ ಪುಟ,” ಎಂದು ಉತ್ತರ ಬಂತು.

ಪುಸ್ತಕ ನನ್ನ ಚೀಲದಲ್ಲೇ ಇತ್ತು.

ಆಗಸ್ಟ್ ೨, ಶುಕ್ರವಾರ

ಹದಿನೈದು ದಿನ ಮುಗಿಯಿತು. ನಾಳೆಯಿಂದ ಹುಲ್ಲು ಕೊಯ್ಯಬೇಕಿಲ್ಲ. ದನಿ ಅರ್ಧ ಬಂದಿದೆ. ಏನೋ ಖಾಲಿ ಖಾಲಿ. ಹವಾಮಾನವಿರಬೇಕು.

ಆಗಸ್ಟ್ ೩, ಶನಿವಾರ

ಏರಿಗೆ ಹೋಗಿದ್ದೆ. ಕಾಲು ಅಭ್ಯಾಸಬಲದಿಂದ ಹೋಯಿತು. ಸುಳಿಗೆ ಮರಳು ಹಾಕಲು ಸುಕನ್ಯ ಕರೆದಳು, ಅವಳ ಎರಡು ಸಾಲು ಮುಗಿಸಿ ಬಂದೆ. ಆಫೀಸಿನ ಡೈರಿ ಬರೆಯಲು ಮರೆತಿದ್ದೇನೆ, ಹತ್ತು ದಿನದ್ದು.

ಆಗಸ್ಟ್ ೯, ಶುಕ್ರವಾರ

ಕರು! ಹೆಣ್ಣು ಕರು! ಮಧ್ಯಾಹ್ನ ಎರಡಕ್ಕೆ. ನಿಂತುಕೊಂಡಿದೆ, ಮೊಲೆ ಹಿಡಿದಿದೆ, ಒದ್ದಿದೆ ನನ್ನನ್ನು.

ಮುನಿರತ್ನಮ್ಮ ಗಿಣ್ಣು ಕಾಯಿಸಿ ಕಳಿಸುತ್ತೇನೆ ಎಂದಳು. ನಾನು ನನ್ನ ಹಗ್ಗ ಕೇಳಿದೆ. “ಚಿಕ್ಕ ಕರೂಗೆ ಬೇಕಲ್ಲಣ್ಣ,” ಎಂದು ಅದನ್ನೇ ಕಟ್ಟಿದಳು. ಕೆಂಪು ಬಟ್ಟೆ ಬಣ್ಣ ಬಿಟ್ಟು ಗುಲಾಬಿಯಾಗಿದೆ. ಈ ಮನೆಯಿಂದ ನನ್ನ ಹಗ್ಗ ಈ ಜನ್ಮಕ್ಕೆ ಹೊರಬರುವುದಿಲ್ಲ.

ಸೆಪ್ಟೆಂಬರ್ ೧೨, ಗುರುವಾರ

ಕ್ಷೇತ್ರೋತ್ಸವ ನಡೆಯಿತು. ಮಾದರಿ ತಾಕಿನ ಪಕ್ಕ ಶಾಮಿಯಾನ, ಬಂಗಾರಪೇಟೆಯಿಂದ ಮೂವರು ಅಧಿಕಾರಿಗಳು, ಮೈಕು. ನಾನು ಎಂಟು ಪುಟದ ಭಾಷಣ ಬರೆದು, ಮಂಗಮ್ಮನ ಮುಂದೆ ಎರಡು ಸಲ ಒಪ್ಪಿಸಿ ತಯಾರಾಗಿದ್ದೆ. ದನಿಯೂ ಪೂರ್ತಿ ಮರಳಿತ್ತು.

ಎದ್ದು ನಿಂತು “ಮಹಾಜನಗಳೇ!” ಎಂದೆ. ನೋಡುತ್ತೇನೆ, ಕುರ್ಚಿಯಲ್ಲೆಲ್ಲ ಗಂಡಸರು. ಹೆಂಗಸರು ಶಾಮಿಯಾನದ ಹೊರಗೆ, ಬಿಸಿಲಲ್ಲಿ, ಕುಡುಗೋಲು ಕಂಕುಳಲ್ಲಿ. ಇದೇನು ವ್ಯವಸ್ಥೆ? ಬಿತ್ತುವವರಿಗೆ ಕಾಣಿಸದಿದ್ದರೆ ತಾಕು ಯಾರಿಗೆ? ಮುಂದಿನ ಮೂರು ಸಾಲು ಎಬ್ಬಿಸಿದೆ. ಮುನಿರಾಜು ಗೊಣಗಿದ, ಕೋದಂಡಪ್ಪ ಮುಖ ಊದಿಸಿಕೊಂಡ. ಹೆಂಗಸರು ಬಂದು ಕೂರುವಷ್ಟರಲ್ಲಿ ನನ್ನ ಭಾಷಣದ ಹೊತ್ತು ಅರ್ಧ ಹೋಯಿತು.

ಮಿಕ್ಕ ಅರ್ಧವನ್ನು ಮುನಿರತ್ನಮ್ಮ ತಿಂದಳು. ಎರಡೂ ಕಡೆಯ ತೆನೆ ಮುರಿದು ತಂದು, ಮುಸುಕು ಸುಲಿದು ಮೇಜಿನ ಮೇಲಿಟ್ಟಳು. 

“ಇದು ಅಣ್ಣನ ಅಗ್ಗದ್ದು. ನೋಡಿ, ನನ್ನ ಮೊಣಕೈಯಂಗದೆ. ಇದು ನಂದು. ಸಣ್ಣದು. ಆದ್ರೆ ನಂದು ಮಧ್ಯ ಹದಿನೈದು ದಿನ ಬಿಟ್ಟು ಮಿಕ್ಕ ದಿನವೆಲ್ಲ ಅಸು ಸಾಕ್ತು. ಎರಡೂ ಸುಳ್ಳಲ್ಲ.”

“ಹಂಗಾದ್ರೆ ಒಂದ್ ಸಾಲು ಅಗ್ಗದಂಗೆ, ಒಂದ್ ಸಾಲು ಒತ್ತಾಗಿ,” ಎಂದಳು ಅಮ್ಮಾಜಮ್ಮ ಕುರ್ಚಿಯಿಂದಲೇ. “ಒತ್ತಾಗಿರೋ ಸಾಲು ಪೂರ್ತಿ ಕಿತ್ತು ಮೇಯಿಸ್ಬಿಟ್ರೆ ಅಗ್ಗದ ಸಾಲಿಗೆ ಜಾಗ ಆಯ್ತದೆ. ಅಲ್ವೇನೇ ಹುಡುಗಿ?”

ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಸೆಲ್ವಿ ಆಗಲೇ ಬರೆದುಕೊಳ್ಳುತ್ತಿದ್ದಳು. “ಅಕ್ಕಡಿ?” ಎಂದು ಯಾರೋ ಕೇಳಿದರು. “ಅಕ್ಕಡಿ ಇಲ್ದೆ ಯಾರ್ ಬಿತ್ತಾರೆ!” ಎಂದು ನಾನೇ ಅಂದೆನಂತೆ. ನನಗೆ ನೆನಪಿಲ್ಲ.

ಒಂಬತ್ತು ಹೆಸರು ಬರೆಸಿದರು. ಎಲ್ಲ ಹೆಂಗಸರದೇ. ಪಹಣಿ ಯಾರ ಹೆಸರಲ್ಲಿದೆ ಎಂದು ಅಧಿಕಾರಿಯೊಬ್ಬರು ಕೇಳಿದರು. ಪಹಣಿ ಬಿತ್ತುತ್ತದೆಯೇ ಸ್ವಾಮಿ ಎಂದೆ. ಎಂಟು ಪುಟ ಹಾಗೇ ಜೇಬಿನಲ್ಲುಳಿದು ಬೆವರಿಗೆ ನೆನೆದು ಹೋಯಿತು. ಎಂಥ ಅಂತ್ಯವಿತ್ತು ಅದಕ್ಕೆ! ಒಬ್ಬರಾದರೂ “ಬಚ್ಚಪ್ಪ, ಮಾತಾಡಲೇ ಇಲ್ಲವಲ್ಲ” ಎಂದು ಕೇಳಲಿಲ್ಲ. ಇದು ಈ ಊರಿನ ರಸಿಕತೆ.

ಹೊರಡುವಾಗ ಶ್ರೀರಾಮಪ್ಪ ಸಿಕ್ಕಿದ. ಕ್ಷೇತ್ರೋತ್ಸವಕ್ಕೆಂದು ರಜಾ ಹಾಕಿ, ಹಿಂದಿನ ಸಾಲಿನಲ್ಲಿ ನಿದ್ದೆ ಮುಗಿಸಿ ಎದ್ದಿದ್ದ. “ಬಾವ, ಶಪಥ ಮಾಡಿದ್ದೆಯಲ್ಲ. ಮೇವು ತಪ್ಪಿದ್ರೆ ಬಣ್ಣ ಅಚ್ಚಲ್ಲ ಅಂತ. ಈ ಸಲ ನಾಟಕದಲ್ಲಿ ನಿನ್ನ ಪಾತ್ರ ಯಾರು ಮಾಡ್ತಾರೆ?”

ಮುನಿರತ್ನಮ್ಮ ಸುಲಿದ ಮುಸುಕನ್ನೆಲ್ಲ ಹಸುವಿಗೆಂದು ಸೆರಗಿಗೆ ತುಂಬಿಕೊಳ್ಳುತ್ತಿದ್ದಳು. ಗಂಡನ ಕಡೆ ನೋಡದೆ, “ನನ್ ಅಸು ಒಂದಿನಾನೂ ಉಪಾಸ ಇರ್ಲಿಲ್ಲ. ಬಣ್ಣ ಅಚ್ಕೋ ಓಗಣ್ಣ,” ಎಂದಳು.

ಕಣ್ಣಿಗೆ ದೂಳು ಬಿತ್ತು. ಶಾಮಿಯಾನ ಬಿಚ್ಚುವವರಿಗೆ ಜ್ಞಾನವಿಲ್ಲ, ಜನರ ಮುಖದ ಮೇಲೇ ಕೊಡವುತ್ತಾರೆ.

ಸೆಪ್ಟೆಂಬರ್ ೧೯, ಗುರುವಾರ

ಅಮ್ಮಾಜಮ್ಮನಿಂದ ಅಪ್ಪಣೆಯಾಗಿದೆ. ಹಿಂಗಾರಿಗೆ ಅವಳ ಬೋರಿನ ತಾಕಿಗೆ ಜೋಳ. ಒತ್ತು ಸಾಲಿಗೆ ಕಾಳು ಅವಳೇ ಬಿಡುತ್ತಾಳೆ, ಹಗ್ಗದ ಸಾಲಿಗೆ ಎರಡನೇ ತುದಿ ಹಿಡಿಯುವವರಿಲ್ಲ. ಹೇಳಿ ಕಳಿಸಿದ್ದು ಹೀಗೆ: “ಬಚ್ಚಂಗೆ ಏಳು. ಬರ್ಲಿ. ಬಾಯಿ ಮನೇಲಿಟ್ಟು ಬರ್ಲಿ.”

ಇದು ಹೇಗಿದೆ? ಕ್ಯಾಸಂಬಳ್ಳಿ ಹೋಬಳಿಯಲ್ಲಿ ನನ್ನಂಥ ಗಂಟಲು ಇನ್ನೊಂದಿಲ್ಲ. ಅದನ್ನು ಮನೆಯಲ್ಲಿಟ್ಟು ಬರಬೇಕಂತೆ! ಇವತ್ತು ಸಂಜೆ ಜಗಲಿಯಲ್ಲಿ ಕೂತು ಹೊಸ ಹಗ್ಗ ಮಾಡಿದೆ. ಕೆಂಪು ಬಟ್ಟೆಗೆ ಮಂಗಮ್ಮ ತನ್ನ ಹಳೆಯ ರವಿಕೆ ಕೊಟ್ಟಳು. ಗೇಣು ಅಳೆದದ್ದು ಅವಳ ಕೈಯಿಂದ, ಬಿತ್ತುವವರ ಗೇಣು ನನ್ನ ಗೇಣಿಗಿಂತ ಚಿಕ್ಕದು. ಅರವತ್ತು ಗಂಟು. ಬೆರಳು ಸಿಪ್ಪೆ ಎದ್ದಿದೆ.

ಮಹಾಜನಗಳೇ, ನೀವು ಮಲಗಿ. ನಾಳೆ ಬೆಳಿಗ್ಗೆ ಆರು ಗಂಟೆಗೆ ಅಮ್ಮಾಜಮ್ಮನ ಹೊಲದ ಬದುವಿನ ಮೇಲೆ ಹಗ್ಗದ ಎರಡನೇ ತುದಿ ಹಿಡಿದು ಕುಕ್ಕುರುಗಾಲಲ್ಲಿ ಕೂತಿರುತ್ತೇನೆ. ಅವಳು “ಎಳಿ” ಅಂದಾಗ ಎಳೆಯುತ್ತೇನೆ. “ಬಿಡು” ಅಂದಾಗ ಬಿಡುತ್ತೇನೆ.